ಎರಡು ಬಾಲ್ಕನಿಯ ನಿಂಬೆಗಿಡ

"ಏನು ಬೇಕಿತ್ತು?"

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿಬಿದ್ದಳು. ಬೆಚ್ಚದೆ ಇನ್ನೇನು? ಪರರ ಮನೆಯ ಹೊಸ್ತಿಲಲ್ಲಿ ತುದಿಗಾಲ ಮೇಲೆ ನಿಂತು, ಕತ್ತು ಚಾಚಿ, ಒಳಗಿನ ಬಾಲ್ಕನಿಯನ್ನು ಇಣುಕುತ್ತಿರುವಾಗ ಆ ಮನೆಯವನೇ ಹಿಂದೆ ಬಂದು ನಿಂತರೆ ಯಾರಿಗಾದರೂ ಜೀವ ಬಾಯಿಗೆ ಬರುತ್ತದೆ.

ಅವನ ಕೈಯಲ್ಲಿ ಖಾಲಿ ಕಸದ ಬುಟ್ಟಿ. ಎರಡೂ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡು, ವಯಸ್ಸಿಗೆ ಮೊದಲೇ ನರೆತವನ ಹಾಗೆ ಕಾಣುತ್ತಿದ್ದ. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವನು, ಬೇಕರಿಯಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನಕ್ಕೆ ಬರುತ್ತಾನೆ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

"ಬಿಸಿಲು," ಎಂದುಬಿಟ್ಟಳು.

"ಏನು?"

"ಅಂದ್ರೆ... ನಿಮ್ಮ ಬಾಲ್ಕನಿಲಿ ಎಷ್ಟೊತ್ತು ಬಿಸಿಲಿರುತ್ತೆ ಅಂತ ನೋಡ್ತಿದ್ದೆ."

ಅವನು ಅವಳ ತಲೆಯ ಮೇಲಿನಿಂದ ಒಳಗೆ ನೋಡಿದ. "ಅಲ್ಲಿರೋದು ನನ್ನ ಸಾಕ್ಸು."

"ಅದೇ ಮತ್ತೆ! ಅಷ್ಟು ಒಳ್ಳೇ ಬಿಸಿಲು ಬರೀ ಸಾಕ್ಸಿಗೆ ಹೋಗ್ತಿದೆಯಲ್ಲ ಅಂತ ಹೊಟ್ಟೆ ಉರೀತು."

ಆಗ ಎದುರು ಬಾಗಿಲಿನ ಒಳಗಿಂದ ಅವಳ ಅಮ್ಮನ ಗಂಟಲು ಕೇಳಿಸಿತು. "ಪುಟ್ಟೀ, ಕೇಳಿದ್ಯೋ ಇಲ್ವೋ? ಕೊಡ್ತಾನಂತೋ?"

ಅವನು ನಕ್ಕ. ಹುಬ್ಬಿನಿಂದ ಒಂದಿಷ್ಟು ಹಿಟ್ಟು ಉದುರಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಯಾವ ಮುಖ ಕಂಡರೂ ಫ್ರೇಮ್ ಎಲ್ಲಿ ಕೂರುತ್ತದೆ ಎಂದು ಅಳೆಯುವ ಚಾಳಿ. ಇವನ ಎಡಗಿವಿ ಬಲಗಿವಿಗಿಂತ ಒಂದು ಎಳ್ಳಿನಷ್ಟು ಮೇಲಿತ್ತು. ಇಂಥವರಿಗೆ ಕನ್ನಡಕ ನೆಟ್ಟಗೆ ಕೂರಿಸಲು ತುಂಬ ಹೊತ್ತು ಬೇಕು, ಮುಖವನ್ನೇ ನೋಡುತ್ತ ಕೂರಬೇಕಾಗುತ್ತದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಬಿಸಿಲಿನ ವಿಷಯ ಹೀಗಿತ್ತು. ಆ ಕಟ್ಟಡದ ನಡುವೆ ಮೆಟ್ಟಿಲು, ಮೇಲಿನ ಮಹಡಿಯಲ್ಲಿ ಎದುರುಬದುರಾಗಿ ಎರಡು ಬಾಗಿಲು. ಅವಳ ಮನೆಯ ಬಾಲ್ಕನಿ ಮೂಡಲಿಗೆ, ಅವನದು ಪಡುವಲಿಗೆ. ಬೆಳಗಿನ ಬಿಸಿಲೆಲ್ಲ ಅವಳದು, ಮಧ್ಯಾಹ್ನದ್ದೆಲ್ಲ ಅವನದು. ಆ ಅರ್ಧ ಹೊತ್ತಿನ ಬಿಸಿಲಿನಲ್ಲೇ ಅವಳು ತೂತುಬಿದ್ದ ಬಕೆಟ್ಟಿನಲ್ಲಿ ಸೊಪ್ಪು, ಪೇಂಟಿನ ಡಬ್ಬಿಯಲ್ಲಿ ಪುದೀನ, ಹಿಡಿ ಮುರಿದ ಕಪ್ಪುಗಳಲ್ಲಿ ಸಸಿಗಳನ್ನು ಬೆಳೆಸಿದ್ದಳು. ಎಲ್ಲವೂ ಹೇಳಿದ ಮಾತು ಕೇಳುತ್ತಿದ್ದವು. ಮೊಂಡು ಹಿಡಿದದ್ದು ನಿಂಬೆಗಿಡ ಒಂದೇ.

ಹಳೇ ಮನೆಯ ಕಾಂಪೌಂಡಿನ ಪಕ್ಕದಲ್ಲಿದ್ದ ಸಸಿ ಅದು. ಮನೆ ಖಾಲಿ ಮಾಡುವಾಗ ಅಮ್ಮ ಅದನ್ನು ಬೇರು ಸಮೇತ ಎಬ್ಬಿಸಿ, ಸಾಮಾನಿನ ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು, ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಈಗ ದೊಡ್ಡ ಮಣ್ಣಿನ ಕುಂಡದಲ್ಲಿ ಎದೆಯೆತ್ತರ ನಿಂತಿತ್ತು. ಎಲೆ ಬಿಡುತ್ತಿತ್ತು, ಮುಳ್ಳು ಬಿಡುತ್ತಿತ್ತು, ಹೂವು ಮಾತ್ರ ಬಿಡುತ್ತಿರಲಿಲ್ಲ.

"ಇದು ಮೊದಲು ಹೂ ಬಿಡುತ್ತೋ, ನಿನ್ನ ಮದುವೆ ಮೊದಲು ಆಗುತ್ತೋ, ಎರಡರಲ್ಲಿ ಒಂದು ನೋಡೇ ಬಿಡ್ತೀನಿ," ಎಂದು ಅಮ್ಮ ನೀರು ಹಾಕುವಾಗೆಲ್ಲ ಹೇಳುತ್ತಿದ್ದರು. ಬೈಗುಳ ಗಿಡಕ್ಕೋ ಮಗಳಿಗೋ ಎಂಬುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

"ಅರ್ಧ ಹೊಟ್ಟೆ ಉಂಡ ಮಗು ಹೇಗೆ ಆಡುತ್ತೆ ಹೇಳು? ಇದಕ್ಕೂ ಬಿಸಿಲು ಸಾಲ್ತಿಲ್ಲ," ಎಂದು ಕೊನೆಗೆ ರೋಗ ಕಂಡುಹಿಡಿದವರೂ ಅಮ್ಮನೇ.

"ಕುಂಡ ಎಷ್ಟು ಭಾರ ಇದೆ?" ಅವನು ಕೇಳಿದ.

"ಇಬ್ಬರು ಬೇಕಾಗುತ್ತೆ."

"ನಾನು ಮಧ್ಯಾಹ್ನ ಬರೋ ಹೊತ್ತಿಗೆ ನೀವು ಇರ್ತೀರಾ?"

"ನಾನು ಅಂಗಡಿಗೆ ಹೊರಡೋದು ಆಗಲೇ."

"ಹಾಗಾದ್ರೆ ಆಯ್ತು," ಎಂದ. ಬುಟ್ಟಿಯನ್ನು ಕೆಳಗಿಟ್ಟು, ಎಷ್ಟೋ ದಿನದಿಂದ ಕಾಯುತ್ತಿದ್ದ ಕೆಲಸ ಸಿಕ್ಕವನ ಹಾಗೆ ಅಂಗಿಯ ತೋಳು ಮಡಿಸಿದ. "ಇವತ್ತಿಂದಲೇ ಶುರು ಮಾಡೋಣ. ಸಾಕ್ಸಿಗೆ ಬೇರೆ ಜಾಗ ನೋಡ್ತೀನಿ."

*

ಅಂದಿನಿಂದ ನಿಂಬೆಗಿಡಕ್ಕೆ ಎರಡು ಮನೆಯಾಯಿತು. ಬೆಳಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ಮುಂಜಾನೆ ಅವನು ಕೆಲಸಕ್ಕೆ ಹೊರಡುವಾಗ ಸದ್ದಿಲ್ಲದೆ ಕುಂಡವನ್ನು ತಂದು ಅವಳ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದ. ಹಾಲು ತರಲು ಬಾಗಿಲು ತೆಗೆದ ಅಮ್ಮ, "ಬಂದ್ಯಾ? ರಾತ್ರಿ ನಿದ್ದೆ ಆಯ್ತಾ?" ಎಂದು ಗಿಡವನ್ನು ವಿಚಾರಿಸಿಕೊಂಡು, ಮಗಳು ಎದ್ದ ಮೇಲೆ ಇಬ್ಬರೂ ಸೇರಿ ಬಾಲ್ಕನಿಗೆ ಎಳೆದುಕೊಳ್ಳುತ್ತಿದ್ದರು.

ಮಧ್ಯಾಹ್ನದ್ದೇ ದೊಡ್ಡ ಸಂಭ್ರಮ. ಅವನು ಮೆಟ್ಟಿಲು ಹತ್ತಿ ಬರುವ ಸದ್ದಿಗೆ ಅವಳು ಬ್ಯಾಗು ಹೆಗಲಿಗೇರಿಸಿ ಸಿದ್ಧಳಾಗಿರುತ್ತಿದ್ದಳು. ಕುಂಡದ ಆ ಕಡೆ ಅವನು, ಈ ಕಡೆ ಅವಳು. "ಒಂದು, ಎರಡು, ಹೂಂ," ಎಂದು ಎತ್ತಿದರೆ ನಡುವೆ ನಿಂಬೆಗಿಡ. ಎಲೆಗಳ ಸಂದಿಯಲ್ಲಿ ಅವನ ಒಂದು ಕಣ್ಣು, ಅರ್ಧ ಮೂಗು, ನಗುವಿನ ಒಂದು ತುದಿ. ಒಂದು ಹೆಜ್ಜೆ ಇಟ್ಟರೆ ಕೊಂಬೆ ಅಲ್ಲಾಡಿ ಇನ್ನೊಂದು ಕಣ್ಣು.

ಅವನು ಯಾವಾಗಲೂ ಹಿಂದೆ ಹಿಂದೆ ನಡೆಯುತ್ತಿದ್ದ.

"ಒಂದು ದಿನ ನಾನು ಹಿಂದೆ ನಡೀತೀನಿ. ನೀವು ಎಡವಿ ಬೀಳ್ತೀರಿ," ಎಂದಳು ಅವಳು.

"ನನಗೆ ಅಭ್ಯಾಸ ಇದೆ. ಬೇಕರೀಲಿ ಬಿಸಿ ಟ್ರೇ ಹಿಡ್ಕೊಂಡು ಹಿಂಗೇ ಓಡಾಡೋದು."

"ಬಿಸಿ ಟ್ರೇ ಹಿಡ್ಕೊಂಡು ಯಾರಾದ್ರೂ ಹಿಂದಕ್ಕೆ ನಡೀತಾರಾ?"

"ನಮ್ಮ ಬೇಕರಿ ಸ್ವಲ್ಪ ಬೇರೆ ಥರ," ಎನ್ನುವಷ್ಟರಲ್ಲಿ ಒಂದು ಮುಳ್ಳು ಅವನ ಕೆನ್ನೆಗೆ ಚುಚ್ಚಿತು. "ಅಯ್ಯೋ! ನಿಮ್ಮ ಗಿಡಕ್ಕೆ ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ ಅನ್ಸುತ್ತೆ."

ಕುಂಡ ಇಳಿಸಿದ ಮೇಲೆ ಲೆಕ್ಕ ಒಪ್ಪಿಸುವ ಕೆಲಸ. "ನೀರು?" "ಆಯ್ತು, ಬೆಳಗ್ಗೆ ಹಾಕಿದೀನಿ. ನೀವು ಹಾಕಬೇಡಿ." "ಸರಿ ಮೇಡಂ." ಆಮೇಲೆ ಅವನು ಜೇಬಿನಿಂದಲೋ ಚೀಲದಿಂದಲೋ ಒಂದು ಕಾಗದದ ಪೊಟ್ಟಣ ತೆಗೆಯುತ್ತಿದ್ದ. ಅದರಲ್ಲೊಂದು ಬನ್ನು. ಆಕಾರ ಕೆಟ್ಟು ಮಾರಾಟಕ್ಕೆ ಬಾರದ ಬನ್ನು. ಒಂದು ದಿನ ಬೂಟಿನ ಹಾಗೆ, ಇನ್ನೊಂದು ದಿನ ಮಲಗಿದ ಬೆಕ್ಕಿನ ಹಾಗೆ, ಮತ್ತೊಂದು ದಿನ ಥೇಟ್ ಕೆಳಮನೆ ತಾತನ ಮೂಗು. ತಾತನ ಮೂಗನ್ನು ನೋಡಿ ಅವಳು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಕೆಳಗಿಂದ ತಾತನೇ, "ಏನಮ್ಮಾ ಅದು ಅಷ್ಟು ನಗು, ನಮಗೂ ಹೇಳ್ರೀ," ಎಂದು ಕೂಗಿದ ಮೇಲಂತೂ ಇಬ್ಬರಿಗೂ ಉಸಿರು ಕಟ್ಟಿತು.

ದಿನಕ್ಕೆ ಅಷ್ಟೇ. ಅವಳು ಸಂಜೆ ದಾಟಿ ಮನೆಗೆ ಬರುವ ಹೊತ್ತಿಗೆ ಅವನು ಮಲಗಿರುತ್ತಿದ್ದ. ಅವನು ಎದ್ದು ಹೊರಡುವಾಗ ಅವಳಿಗೆ ಸಕ್ಕರೆ ನಿದ್ದೆ. ಇಡೀ ದಿನದಲ್ಲಿ ಅವರಿಬ್ಬರಿಗೂ ಇದ್ದದ್ದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗಿನ ದಾರಿ ಮಾತ್ರ. ಆ ಪುಟ್ಟ ಪ್ಯಾಸೇಜು ಇನ್ನೂ ನಾಲ್ಕು ಹೆಜ್ಜೆ ಉದ್ದ ಇರಬಾರದಿತ್ತೇ ಎಂದು ಬಸ್ಸಿನಲ್ಲಿ ಕೂತು ಅವಳು ಯೋಚಿಸುತ್ತಿದ್ದಳು.

ಎರಡೂ ಹೊತ್ತಿನ ಬಿಸಿಲುಂಡ ಗಿಡ ಒಂದು ದಿನ ಸದ್ದಿಲ್ಲದೆ ಮೊಗ್ಗು ಹಿಡಿಯಿತು. ಎಲೆಯ ಕಂಕುಳಲ್ಲಿ ಅಕ್ಕಿಕಾಳಿನಷ್ಟು, ತುದಿಯಲ್ಲಿ ನಸುನೇರಳೆ. ಮೊದಲು ನೋಡಿದವನು ಅವನೇ.

"ಇಲ್ಲಿ ನೋಡಿ... ಇಲ್ಲಲ್ಲ, ಇಲ್ಲಿ."

ನೋಡಲು ಅವಳು ಬಗ್ಗಿದಳು, ತೋರಿಸಲು ಅವನು ಬಗ್ಗಿದ. ಇಬ್ಬರ ಹಣೆ ಢೀ ಎಂದಿತು. ಹಣೆ ಉಜ್ಜಿಕೊಳ್ಳುತ್ತ ನಗುವಾಗ ಅವನು ಅದೇ ಉಸಿರಿನಲ್ಲಿ, ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಉಗುಳಿದ.

"ನಮ್ಮ ಓನರ್ ಊರಿನ ಆ ತುದೀಲಿ ಇನ್ನೊಂದು ಬೇಕರಿ ತೆಗೀತಿದಾರೆ. ನನ್ನನ್ನೇ ಅಲ್ಲಿ ಹೆಡ್ ಮಾಡ್ತಾರಂತೆ. ಮೇಲೇ ಮನೆ ಕೊಡ್ತಾರೆ. ತಿಂಗಳ ಕೊನೆಗೆ ಉತ್ತರ ಹೇಳು ಅಂದಿದಾರೆ."

ಹೇಳಿ ಅವಳ ಮುಖ ನೋಡಿದ. ಹೋಗಬೇಡಿ ಎನ್ನಬೇಕೆಂದುಕೊಂಡಳು. ಬಾಯಿ ಮಾತ್ರ ಯಾರದೋ ಮದುವೆಮನೆಗೆ ಬಂದವಳ ಹಾಗೆ, "ಓ, ಒಳ್ಳೇದಾಯ್ತಲ್ಲ!" ಎಂದಿತು.

"ಹೂಂ," ಎಂದ ಅವನು. "ಒಳ್ಳೇದೇ."

ಮಾರನೆಯ ದಿನ ಕುಂಡ ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು. ಮಾತು ನುಂಗಿದ್ದಕ್ಕೆ ಮೈಯೇ ಮುನಿಸಿಕೊಂಡಿತೋ ಏನೋ. ತುಟಿ ಕಚ್ಚಿ ಹೇಗೋ ಕುಂಡವನ್ನು ದಾಟಿಸಿ, ಏನೂ ಆಗಿಲ್ಲವೆಂಬಂತೆ ಮೆಟ್ಟಿಲಿಳಿದು ಹೋದಳು. ಅವನು ಬಾಗಿಲಲ್ಲಿ ನಿಂತು, ಅವಳು ಗೋಡೆ ಹಿಡಿದು ಇಳಿಯುವುದನ್ನು ನೋಡಿದ.

*

ಮರುವಾರ ಒಂದು ಮಧ್ಯಾಹ್ನ ಅವನು ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡು ಬಂದ.

"ಕಣ್ಣು ಮುಚ್ಚಿ."

ಅವಳು ಮುಚ್ಚಿದಳು. ಗಡಗಡ ಸದ್ದಾಯಿತು. ತೆರೆದು ನೋಡಿದರೆ, ಬೇಕರಿಯ ಹಳೆಯ ಟ್ರೇ. ಅಂಚು ಎತ್ತರದ್ದು, ಹಸಿರು ಬಣ್ಣ ಬಳಿದದ್ದು, ಕೆಳಗೆ ನಾಲ್ಕು ಗಾಲಿ. ಎಳೆಯಲು ಮುಂದೊಂದು ಹಗ್ಗ. ಎರಡೂ ಮನೆಯ ಹೊಸ್ತಿಲಿಗೆ ಆನಿಸಲು ಇಳಿಜಾರಾಗಿ ಕತ್ತರಿಸಿದ ಹಲಗೆ ಬೇರೆ. ಒಂದನ್ನೂ ಮರೆತಿರಲಿಲ್ಲ.

"ಇನ್ಮೇಲೆ ನೀವು ಎತ್ತೋ ಹಾಗೇ ಇಲ್ಲ," ಅವನು ಹೆಮ್ಮೆಯಿಂದ ಹೇಳಿದ. "ಒಂದು ಬೆರಳಲ್ಲಿ ತಳ್ಳಿದ್ರೆ ಸಾಕು. ನನಗೋಸ್ಕರ ಕಾಯೋದೂ ಬೇಡ, ನನ್ನ ಬಾಗಿಲ ಮುಂದೆ ಬಿಟ್ಟು ಹೋದ್ರೆ ಆಯ್ತು. ನಾನಿಲ್ಲದಿದ್ರೂ ಗಿಡಕ್ಕೆ ತೊಂದರೆ ಆಗಲ್ಲ."

ನಾನಿಲ್ಲದಿದ್ರೂ. ಉಳಿದ ಮಾತೆಲ್ಲ ಅವಳ ಕಿವಿಯ ಪಕ್ಕ ಹಾದುಹೋಯಿತು, ಇದೊಂದು ಒಳಗೆ ಹೋಗಿ ಕೂತಿತು. ಹಾಗಾದರೆ ಹೊರಟಿದ್ದಾನೆ. ಹೊರಡುವ ಮೊದಲು ಒಂದು ವ್ಯವಸ್ಥೆ ಮಾಡಿ ಹೋಗುತ್ತಿದ್ದಾನೆ. ಬೀಳ್ಕೊಡುಗೆಗೆ ಬಣ್ಣ ಬೇರೆ ಬಳಿದು ತಂದಿದ್ದಾನೆ.

"ತುಂಬ ಚೆನ್ನಾಗಿದೆ," ಎಂದಳು. "ಥ್ಯಾಂಕ್ಸ್."

ಅವಳು ಅವನಿಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಅದುವರೆಗೆ ಇಬ್ಬರ ನಡುವೆ ಅಂಥ ಮಾತಿಗೆ ಜಾಗವೇ ಇರಲಿಲ್ಲ. ಅವನ ಮುಖ ಗಲಿಬಿಲಿಗೊಂಡಿತು. ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಕುಂಡವನ್ನು ಇಳಿಜಾರು ಹಲಗೆಯ ಮೇಲಿಂದ ಟ್ರೇಗೆ ಜಾರಿಸಿ, ನಿಜವಾಗಿಯೂ ಒಂದು ಬೆರಳಿನಿಂದಲೇ ತಳ್ಳಿ ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ದಡದಡ ಇಳಿದುಹೋದಳು.

ಮಾರನೆಯ ದಿನ ಅವನು ಬರುವ ಮೊದಲೇ ಕುಂಡ ಅವನ ಬಾಗಿಲ ಮುಂದಿತ್ತು. ಅವಳು ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಕಾಯಬೇಡಿ ಎಂದವನು ತಾನೇ. ಅವಳು ಇಷ್ಟು ದಿನ ಕಾಯುತ್ತಿದ್ದದ್ದು ಎತ್ತಲು ಒಂದು ಕೈ ಬೇಕೆಂದು ಮಾತ್ರವಾ ಎಂದು ಯೋಚಿಸುತ್ತ ಅವನು ಪ್ಯಾಸೇಜಿನಲ್ಲಿ ಕಾಗದದ ಪೊಟ್ಟಣ ಹಿಡಿದು ನಿಂತ. ಆಮೇಲೆ ಪೊಟ್ಟಣವನ್ನು ಅವಳ ಮನೆಯ ಬಾಗಿಲ ಹಿಡಿಗೆ ಸಿಕ್ಕಿಸಿ ಒಳಗೆ ಹೋದ.

ರಾತ್ರಿ ಬಂದು ಅವಳು ಪೊಟ್ಟಣ ಬಿಚ್ಚಿದಳು. ಬನ್ನು ದುಂಡಗಿತ್ತು. ಗಾಜಿನ ಕಪಾಟಿನಲ್ಲಿ ಇಡುವಂಥ, ಒಂದು ಗೀರೂ ಇಲ್ಲದ, ಸುಂದರವಾದ ದುಂಡು ಬನ್ನು. ಅವಳಿಗೆ ಅಳು ಬಂತು. ದುಂಡಗಿನ ಬನ್ನು ನೋಡಿ ಯಾರಾದರೂ ಅಳುತ್ತಾರೆಯೇ? ಅಮ್ಮ ಕೇಳಿದ್ದಕ್ಕೆ, "ಈರುಳ್ಳಿ," ಎಂದಳು.

"ಬನ್ನಲ್ಲಿ ಈರುಳ್ಳಿ ಹಾಕಿದಾನಾ?" ಎಂದರು ಅಮ್ಮ.

ಆ ದಿನಗಳಲ್ಲಿ ಅವಳು ಸ್ಕ್ರೂ ಬಿಗಿದ ಕನ್ನಡಕಗಳೆಲ್ಲ ಗಿರಾಕಿಗಳ ಕಿವಿ ಹಿಂಡಿದವು. ಇಬ್ಬರು ವಾಪಸ್ಸು ಬಂದು ಜಗಳವಾಡಿ ಹೋದರು.

ಗಿಡವೂ ಸಪ್ಪಗಾಯಿತು. ಎಲೆ ಜೋತುಬಿದ್ದವು. ಬಾಯಾರಿಕೆ ಇರಬೇಕು ಎಂದು ಬೆಳಗ್ಗೆ ಅವಳು ಒಂದು ಚೊಂಬು ಹೆಚ್ಚಿಗೆ ಹಾಕಿದಳು. ಆದರೂ ಎಲೆ ಮೇಲೇಳಲಿಲ್ಲ, ಹಳದಿಗೆ ತಿರುಗಿದವು. ಇನ್ನಷ್ಟು ನೀರು ಹಾಕಿದಳು. ಮೇಲಿನ ಮಣ್ಣು ಬಿಸಿಲಿಗೆ ಒಣಗಿ ಬಿರುಕು ಬಿಟ್ಟದ್ದನ್ನು ಕಂಡು, ಎಷ್ಟು ಕುಡಿದರೂ ತಣಿಯುತ್ತಿಲ್ಲವಲ್ಲ ಇದಕ್ಕೆ ಎಂದು ಸಂಕಟಪಟ್ಟಳು. ಒಂದೊಂದಾಗಿ ಮೊಗ್ಗು ಉದುರತೊಡಗಿದವು. ಉದುರಿದ ಮೊಗ್ಗನ್ನು ಬಿಸಾಡಲು ಮನಸ್ಸಾಗದೆ ಕನ್ನಡಕದ ಖಾಲಿ ಪೆಟ್ಟಿಗೆಯೊಂದರಲ್ಲಿ ಹಾಕಿಟ್ಟಳು.

ಅವಳ ಅಂಗಡಿಗೆ ರಜೆಯಿದ್ದ ದಿನ. ಅವಳು ಬೆಳಗ್ಗೆ ಎಂದಿನಂತೆ ನೀರು ಹಾಕಿ, ಹೊತ್ತು ಏರುತ್ತಲೇ ಕುಂಡವನ್ನು ಎದುರು ಬಾಗಿಲಿಗೆ ತಳ್ಳಿ ಬಂದು, ಕಿಟಕಿಯ ಬಳಿ ಸುಮ್ಮನೆ ಕೂತಳು. ಅಮ್ಮ ಬಟ್ಟೆ ಮಡಿಸುತ್ತಿದ್ದರು. ಕಾಲುಚೀಲದ ಜೋಡಿ ಹುಡುಕುತ್ತ, ಮುಖ ಎತ್ತದೆ ಕೇಳಿದರು.

"ಅಲ್ಲ ಪುಟ್ಟಿ, ನನಗೊಂದು ಅರ್ಥವಾಗಲ್ಲ."

"ಏನಮ್ಮ?"

"ಅವನು ಬೆಳಗ್ಗೆ ಕುಂಡ ತಂದಿಡ್ತಿದ್ದನಲ್ಲ, ಗಾಲಿ ಬರೋಕೆ ಮೊದಲು. ಆಗ ಯಾರು ಹಿಡ್ಕೋತಿದ್ರು ಆ ಕಡೆ?"

"ಯಾರೂ ಇಲ್ಲ. ಒಬ್ಬರೇ ತರ್ತಿದ್ರು."

"ಒಬ್ಬನೇ ತರ್ತಿದ್ದ," ಅಮ್ಮ ಒಂದು ಕಾಲುಚೀಲವನ್ನು ಇನ್ನೊಂದರೊಳಗೆ ತುರುಕಿದರು. "ಹಂಗಾದ್ರೆ ಮಧ್ಯಾಹ್ನ ಮಾತ್ರ ಯಾಕಮ್ಮ ಇಬ್ಬರು ಬೇಕಾಗ್ತಿತ್ತು?"

ಅವಳು ಅಮ್ಮನನ್ನೇ ನೋಡಿದಳು.

"ಗಾಲಿ ಯಾಕೆ ಮಾಡ್ಕೊಂಡು ಬಂದ ಅಂತ ಕೇಳಿದ್ಯಾ ಅವನ್ನ? ನೀನು ಸೊಂಟ ಹಿಡ್ಕೊಂಡು ಹೋದ ದಿನ ನನ್ನ ಹತ್ರ ಬಂದು ವಿಚಾರಿಸಿದ. ಮುಖ ಸಣ್ಣದಾಗಿತ್ತು. ನಾನೇ ಹೇಳಿದೆ, ಅವಳಿಗೆ ಭಾರ ಎತ್ತಿದ್ರೆ ಆಗಲ್ಲಪ್ಪ, ಹೇಳಿದ್ರೆ ಕೇಳಲ್ಲ ಅಂತ."

"ಇದನ್ನ ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನೀನು ಈರುಳ್ಳಿ ಅಂದ್ಯಲ್ಲ. ನಾನು ನಂಬಿದೆ."

ಅವಳು ಎದ್ದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಾಗಿಲು ತೆಗೆದಳು.

*

ಪ್ಯಾಸೇಜಿನಲ್ಲಿ ಅವನಿದ್ದ. ಆಗಷ್ಟೇ ಕೆಲಸದಿಂದ ಬಂದವನು, ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ದೊಡ್ಡ ಜಗ್ಗಿನಿಂದ ನಿಧಾನಕ್ಕೆ ನೀರು ಹಾಕುತ್ತಿದ್ದ. ಜೊತೆಗೆ ಗಿಡದೊಡನೆ ಮಾತು ಬೇರೆ. "ಕುಡಿಯೋ ರಾಜ, ಕುಡಿ. ನೀನೂ ಮುನಿಸ್ಕೊಂಡ್ರೆ ನಾನು ಎಲ್ಲಿಗೆ ಹೋಗ್ಲಿ?"

"ಏನು ಮಾಡ್ತಿದೀರಿ?"

ಅವನು ಬೆಚ್ಚಿಬಿದ್ದ. ಈ ಸಲ ಬೆಚ್ಚುವ ಸರದಿ ಅವನದು.

"ನೀರು..."

"ನಾನು ಬೆಳಗ್ಗೇನೇ ಹಾಕಿದೀನಿ!"

"ಹಾಕಿದೀರಾ? ನನಗೆ ಯಾರು ಹೇಳಿದ್ರು? ಎಲೆ ಬಾಡಿತ್ತು, ಪಾಪ ಅನ್ನಿಸ್ತು, ನಾನು ದಿನಾ ಒಂದು ಜಗ್ಗು..."

"ನಾನೂ ದಿನಾ! ಎರಡೆರಡು ಚೊಂಬು!"

ಇಬ್ಬರೂ ಒಟ್ಟಿಗೆ ಟ್ರೇ ಕಡೆ ನೋಡಿದರು. ಎತ್ತರದ ಅಂಚಿನ ಒಳಗೆ, ಕುಂಡದ ನೆರಳಿನಲ್ಲಿ, ನೀರು ತುಂಬಿ ನಿಂತಿತ್ತು. ಮೇಲೆ ಬಿರುಕುಬಿಟ್ಟ ಮಣ್ಣು, ಕೆಳಗೆ ಕೆರೆ. ಬಸಿದು ಹೋಗಬೇಕಾದ ನೀರು ಹೋಗಲು ದಾರಿಯಿಲ್ಲದೆ, ಗಿಡ ಇಷ್ಟು ದಿನ ಕತ್ತಿನವರೆಗೆ ಮುಳುಗಿ ಕೂತಿತ್ತು. ಬಾಯಾರಿಕೆ ಎಂದುಕೊಂಡು ಇಬ್ಬರೂ ಸೇರಿ ಅದಕ್ಕೆ ಉಸಿರು ಕಟ್ಟಿಸಿದ್ದರು.

"ಎತ್ತಿ!" ಎಂದಳು.

"ನಿಮ್ಮ ಸೊಂಟ?"

"ಸೊಂಟದ ಮನೆ ಹಾಳಾಗ್ಲಿ, ಎತ್ತಿ ಮೊದಲು!"

"ಬೇಡ, ಪಕ್ಕಕ್ಕೆ ಸರೀರಿ," ಎಂದು ಅವನೊಬ್ಬನೇ ಕುಂಡವನ್ನು ತಬ್ಬಿ ಎತ್ತಿದ. ಸಲೀಸಾಗಿ, ಮಲಗಿದ ಮಗುವನ್ನು ಎತ್ತಿದ ಹಾಗೆ. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಟ್ರೇ ಒಂದು ಕಡೆ ವಾಲಿ, ತುಂಬಿದ ನೀರೆಲ್ಲ ಮಣ್ಣುಬಣ್ಣದ ಜಲಪಾತವಾಗಿ ಮೆಟ್ಟಿಲಿಳಿಯಿತು.

"ಯಾರ್ರೀ ಅದು ಮೇಲೆ?" ಕೆಳಗಿಂದ ತಾತ ಗುಡುಗಿದರು. "ನನ್ನ ಶೂ ತೇಲ್ತಿದೆ!"

"ತಾತಾ, ಬಂದೆ, ಒರೆಸ್ತೀನಿ!" ಅವನು ಕೂಗಿದ.

"ನೀವು ಗಿಡ ನೋಡ್ರಪ್ಪ," ಎಂದು ಅಮ್ಮ ನೆಲ ಒರೆಸುವ ಬಟ್ಟೆ ಹಿಡಿದು ಇಬ್ಬರ ನಡುವಿನಿಂದಲೇ ನುಗ್ಗಿ ಮೆಟ್ಟಿಲಿಳಿದರು. "ತಾತನ ಶೂ ನಾನು ನೋಡ್ಕೋತೀನಿ."

ಹಳೆಯ ಪೇಪರು ಹಾಸಿ, ಕುಂಡವನ್ನು ಓರೆ ಮಾಡಿ, ಇಬ್ಬರೂ ಸೇರಿ ಗಿಡವನ್ನು ಹೊರಗೆಳೆದರು. ಕೆಸರಿನ ವಾಸನೆ ಬಂತು. ತಳದ ಒಂದಷ್ಟು ಬೇರು ಕಪ್ಪಗೆ ಕೊಳೆತು, ಮುಟ್ಟಿದರೆ ಕೈಗೇ ಬರುತ್ತಿದ್ದವು. ಅವನು ಬೇರುಗಳನ್ನು ಬೆರಳಲ್ಲಿ ಬಿಡಿಸಿ, ಬೆಳ್ಳಗಿನ ಒಂದು ಗೊಂಚಲನ್ನು ತೋರಿಸಿದ.

"ಇಲ್ಲಿ ನೋಡಿ. ಇದು ಜೀವಂತ ಇದೆ. ಇದೂ ಇದೆ."

ಕೊಳೆತದ್ದನ್ನು ಅವಳು ಕತ್ತರಿಸಿದಳು. ಕುಂಡದ ತಳದ ತೂತು ಬೇರು ತುಂಬಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಬ್ಯಾಗಿನಿಂದ ಕನ್ನಡಕದ ಸಣ್ಣ ಸ್ಕ್ರೂಡ್ರೈವರ್ ತಂದು ಕೆದಕಿ ಬಿಡಿಸಿದಳು. ಅವನು ಮರಳು, ಒಣಮಣ್ಣು, ತೆಂಗಿನ ನಾರು ಬೆರೆಸಿದ, ಹಿಟ್ಟು ನಾದುವವನ ಕೈಯಲ್ಲಿ, ಒಂದು ಗಂಟೂ ಉಳಿಯದ ಹಾಗೆ. ಮಣ್ಣಿನೊಳಗೆ ನಾಲ್ಕು ಕೈ ಓಡಾಡುವಾಗ ಯಾವ ಬೆರಳು ಯಾರದೆಂದು ತಿಳಿಯುತ್ತಿರಲಿಲ್ಲ. ತಿಳಿದಾಗಲೂ ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನೀವು ಒಬ್ಬರೇ ಎತ್ತಬಲ್ಲಿರಿ," ಎಂದಳು ಅವಳು, ಮಣ್ಣನ್ನು ನೋಡುತ್ತ.

"ಹೂಂ."

"ಮೊದಲಿಂದಾನೂ?"

"ಹೂಂ."

"ಹಾಗಾದ್ರೆ ಮಧ್ಯಾಹ್ನ?"

ಅವನ ಕಿವಿ ಕೆಂಪಾಯಿತು. ಎಡಗಿವಿ ಮೊದಲು, ಆಮೇಲೆ ಬಲಗಿವಿ. "ಮಧ್ಯಾಹ್ನ... ಸ್ವಲ್ಪ ಭಾರ ಜಾಸ್ತಿ ಇರ್ತಿತ್ತು."

"ಬಿಸಿಲಿಗೆ ಗಿಡದ ತೂಕ ಜಾಸ್ತಿ ಆಗುತ್ತಾ?"

"ನಿಮ್ಮ ಗಿಡಕ್ಕೆ ಆಗುತ್ತೇನೋ ಅಂತ..." ಅವನು ನಿಲ್ಲಿಸಿದ. ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡ, ಮೂಗಿಗೆಲ್ಲ ಮಣ್ಣಾಯಿತು. "ಸುಳ್ಳು ಹೇಳಿದ್ರೆ ಇದು ಮುಳ್ಳು ಚುಚ್ಚುತ್ತೆ. ನೀವು ಆ ಕಡೆ ಹಿಡ್ಕೊಂಡಿರ್ಲಿ ಅಂತಿತ್ತು, ಅಷ್ಟೇ. ನಾನು ಹಿಂದಕ್ಕೆ ನಡೀತಿದ್ದದ್ದೂ ಅದಕ್ಕೇ. ಮುಂದಕ್ಕೆ ನಡೆದ್ರೆ ನೀವು ಕಾಣಲ್ಲ."

ಅವಳು ಬೆಳ್ಳನೆಯ ಒಂದು ಬೇರನ್ನು ಮಣ್ಣಿನಲ್ಲಿ ಮುಚ್ಚಿದಳು, ಮತ್ತೆ ಸುಮ್ಮನೆ ತೆಗೆದಳು, ಮತ್ತೆ ಮುಚ್ಚಿದಳು.

"ಮತ್ತೆ ಆ ಸೊಟ್ಟ ಬನ್ನು?"

"ಅದೂ..." ಅವನು ನಾಚಿ ನಕ್ಕ. "ಒಲೇಲಿ ತಾನಾಗಿ ಅಷ್ಟು ಸೊಟ್ಟ ಆಗುತ್ತಾ ಯಾವುದಾದ್ರೂ? ನಾನೇ ಮಾಡ್ತಿದ್ದೆ. ತಾತನ ಮೂಗಿಗೆ ಮೂರು ಸಲ ಹಿಟ್ಟು ಹಾಳು ಮಾಡಿದೀನಿ. ನೀವು ಎದುರಿಗೆ ನಿಂತು ನಗೋದೇ ಬಿಟ್ಟ ಮೇಲೆ ಯಾರಿಗೋಸ್ಕರ ಸೊಟ್ಟ ಮಾಡ್ಲಿ?"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಕೆಸರು. ಇನ್ನು ಬಾಯನ್ನು ಅದರ ಪಾಡಿಗೆ ಬಿಟ್ಟರೆ ಮತ್ತೆ "ಒಳ್ಳೇದಾಯ್ತಲ್ಲ" ಎಂದೀತು ಎಂದು ಹೆದರಿ, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಾನು ಹೋಗಬೇಕಾದ ಬಸ್ಸು ಬರೋದು ನೀವು ಬರೋಕಿಂತ ಮುಂಚೆ. ನಿಮಗೋಸ್ಕರ ದಿನಾ ಅದನ್ನ ಬಿಡ್ತಿದ್ದೆ. ಅಂಗಡೀಲಿ ದಿನಾ ಬೈಸ್ಕೋತಿದ್ದೆ. ನೀವು ಹೋಗಬೇಡಿ. ಒಳ್ಳೇದಾಯ್ತು ಅಂದಿದ್ದು ಸುಳ್ಳು. ನನಗೆ ಒಂಚೂರೂ ಒಳ್ಳೇದಾಗ್ಲಿಲ್ಲ. ಗಾಲಿ ನೋಡಿ ನೀವು ಹೊರಟೇ ಹೋದ್ರಿ ಅಂದ್ಕೊಂಡೆ."

"ಗಾಲಿ ಮಾಡಿದ್ದು ನಿಮ್ಮ ಸೊಂಟಕ್ಕೆ!"

"ಈಗ ಗೊತ್ತಾಯ್ತು."

"ಮಾಡಿ ಮುಗಿಸಿದ ಮೇಲೆ ನನಗೇ ಹೊಟ್ಟೆ ಉರೀತು. ಇದು ಬಂದ್ರೆ ನನ್ನ ಕೆಲಸ ಹೋಯ್ತಲ್ಲ ಅಂತ."

ಅವಳು ತಲೆಯೆತ್ತಿದಳು. ಈಗ ನಡುವೆ ಗಿಡ ಇರಲಿಲ್ಲ. ಅದು ಪೇಪರಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಅವನ ಮುಖ ಮೊದಲ ಸಲ ಇಡಿಯಾಗಿ, ಇಷ್ಟು ಹತ್ತಿರದಲ್ಲಿ ಕಂಡಿತು. ಹುಬ್ಬಿಗೆ ಹಿಟ್ಟು, ಮೂಗಿಗೆ ಮಣ್ಣು, ಕೆನ್ನೆಯಲ್ಲಿ ಮುಳ್ಳಿನ ಹಳೆಯ ಗೀರು.

"ಓನರ್‌ಗೆ ಏನು ಹೇಳಿದ್ರಿ?" ಮೆಲ್ಲಗೆ ಕೇಳಿದಳು.

"ಇನ್ನೂ ಏನೂ ಹೇಳಿಲ್ಲ. ಹೋದ ವಾರ ಆ ಮನೆ ನೋಡಿಕೊಂಡು ಬಂದೆ. ದೊಡ್ಡದಿದೆ, ಚೆನ್ನಾಗಿದೆ." ಅವನು ತಲೆಯಾಡಿಸಿದ. "ಬಾಲ್ಕನಿನೇ ಇಲ್ಲ ರೀ. ಬಿಸಿಲೇ ಬರಲ್ಲ. ಅಂಥ ಮನೆ ತಗೊಂಡು ನಾನೇನು ಮಾಡ್ಲಿ?"

"ಸಾಕ್ಸು ಎಲ್ಲಿ ಒಣಗಿಸ್ತೀರಿ?"

"ಅದೇ ಮತ್ತೆ. ನಾಳೆ ಹೇಳ್ತೀನಿ ಅವರಿಗೆ, ಇಲ್ಲೇ ಇರ್ತೀನಿ ಅಂತ. ನನಗೆ ಮಧ್ಯಾಹ್ನ ಮನೇಲಿ ಬೇರೆ ಕೆಲಸ ಇದೆ."

ಕೆಳಗಿನ ಮೆಟ್ಟಿಲಿನಿಂದ ಅಮ್ಮನ ಗಂಟಲು. "ಪುಟ್ಟೀ, ಕೇಳಿದ್ಯೋ ಇಲ್ವೋ? ಇರ್ತಾನಂತೋ?"

"ಇರ್ತಾನಂತೆ ಕಣಮ್ಮಾ," ಉತ್ತರ ಕೊಟ್ಟವರು ತಾತ. "ನಾನೂ ಕೇಳಿಸ್ಕೊಂಡೆ. ಇನ್ನಾದ್ರೂ ನನ್ನ ಶೂ ಒಣಗಿಸ್ರೀ!"

*

ಕಾಯಿಲೆಯ ಗಿಡಕ್ಕೆ ಸ್ವಲ್ಪ ದಿನ ಬಿಸಿಲು ಬೇಡವೆಂದು ಕುಂಡವನ್ನು ಪ್ಯಾಸೇಜಿನ ನೆರಳಲ್ಲೇ ಇಟ್ಟರು, ಎರಡು ಬಾಗಿಲಿಗೂ ನಡುವೆ. ನೀರು ಹಾಕಿದವರು ಕುಂಡದ ಅಂಚಿನ ಮೇಲೆ ಒಂದು ಸಣ್ಣ ಕಲ್ಲು ಇಡಬೇಕೆಂದು ಅಮ್ಮ ಕಾನೂನು ಮಾಡಿದರು. ಕಲ್ಲು ಬೇಕಾಗಲಿಲ್ಲ. ಈಗ ಇಬ್ಬರಿಗೂ ಗಿಡದ ಬಳಿ ಎಷ್ಟು ಕೆಲಸವಿರುತ್ತಿತ್ತೆಂದರೆ, ಒಬ್ಬರಿಗೆ ತಿಳಿಯದೆ ಇನ್ನೊಬ್ಬರು ನೀರು ಹಾಕುವಂತೆಯೇ ಇರಲಿಲ್ಲ.

ಹಳದಿ ಎಲೆಗಳೆಲ್ಲ ಉದುರಿದವು. ಗಿಡ ಬೋಳಾಗಿ, ಮುಳ್ಳು ಮಾತ್ರ ಉಳಿಯಿತು. ಆಮೇಲೆ ಒಂದು ಬೆಳಗ್ಗೆ ಕೊಂಬೆಯ ಗೆಣ್ಣಿನಲ್ಲಿ ಎಳೆ ಹಸಿರು ಕಂಡಿತು. ಉದುರದೆ ಹಲ್ಲು ಕಚ್ಚಿ ಉಳಿದುಕೊಂಡಿದ್ದ ಒಂದೇ ಒಂದು ಮೊಗ್ಗು ಮೆಲ್ಲಗೆ ಊದಿಕೊಂಡಿತು.

ಅದು ಅರಳಿದ್ದು ಮಧ್ಯಾಹ್ನ. ಅವನು ಮೆಟ್ಟಿಲು ಹತ್ತುತ್ತಿದ್ದವನು ಅರ್ಧದಲ್ಲೇ ನಿಂತ. ಬೇಕರಿಯ ವಾಸನೆಯನ್ನೂ ದಾಟಿ, ತಣ್ಣಗೆ, ಸಿಹಿಯಾಗಿ, ಏನೋ ಮೂಗಿಗೆ ಬಡಿಯಿತು. ತಾತ ಬಾಗಿಲು ತೆಗೆದು, ತಮ್ಮ ಪ್ರಸಿದ್ಧ ಮೂಗನ್ನು ಮೇಲಕ್ಕೆತ್ತಿ, "ಯಾರು ಸೆಂಟು ಹಾಕ್ಕೊಂಡಿರೋದು?" ಎಂದರು.

ಮೇಲೆ ಅವಳು ಬಸ್ಸು ಬಿಟ್ಟು ಕಾಯುತ್ತಿದ್ದಳು. ಬೆಳ್ಳನೆಯ ಒಂದೇ ಹೂವಿನ ಮುಂದೆ ಅಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ನೋಡಿದ್ಯಾ, ಇದೇ ಗೆದ್ದುಬಿಡ್ತು," ಅಮ್ಮ 'ಛೆ' ಎಂದರು. "ನಾನು ನಿನ್ನ ಮೇಲೆ ಆಸೆ ಇಟ್ಕೊಂಡಿದ್ದೆ."

ಅವನು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಅವಳ ಕೈಗಿಟ್ಟ. ಬಿಚ್ಚಿದಳು. ಎರಡು ಸೊಟ್ಟ ಬನ್ನು ಒಂದಕ್ಕೊಂದು ಅಂಟಿಕೊಂಡು ಬೆಂದಿದ್ದವು. ಬಿಡಿಸಲು ನೋಡಿದಳು, ಬರಲಿಲ್ಲ.

"ಅವು ಬಿಡಲ್ಲ," ಎಂದ ಅವನು. ಎಡಗಿವಿ ಆಗಲೇ ಕೆಂಪಾಗಿತ್ತು. "ಅಮ್ಮಾ, ನೀವು ಒಪ್ಪಿದ್ರೆ... ಇವರೂ ಒಪ್ಪಿದ್ರೆ..."

"ನನ್ನನ್ನೇನು ಕೇಳ್ತೀಯಪ್ಪ, ನಾನು ಶೂ ಒರೆಸಿದ ದಿನವೇ ಒಪ್ಪಿದೀನಿ," ಎಂದು ಅಮ್ಮ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾದವರ ಹಾಗೆ ಒಳಗೆ ಹೋದರು. ಒಲೆ ಹಚ್ಚಿರಲೇ ಇಲ್ಲ.

ಅವಳು ಅಂಟಿಕೊಂಡ ಬನ್ನನ್ನು ಇಡಿಯಾಗಿ ಬಾಯಿಗಿಟ್ಟು ಒಂದು ತುತ್ತು ಕಚ್ಚಿದಳು. ಬಾಯಿ ತುಂಬಿದ್ದರಿಂದ ಮಾತಾಡಲಾಗದೆ, ಹೂಂ ಎಂದು ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು.

ಹಸಿರು ಟ್ರೇಗೆ ಈಗ ತಳದಲ್ಲಿ ತೂತುಗಳಿವೆ. ಅದರ ಮೇಲೆ ಅಮ್ಮನ ಪುದೀನದ ಡಬ್ಬಿಗಳು ಸವಾರಿ ಮಾಡುತ್ತವೆ. ಎರಡು ಬಾಗಿಲಿಗೂ ಈಗ ಬೀಗ ಹಾಕುವ ಪದ್ಧತಿ ಇಲ್ಲ. ಬೆಳಗಿನ ಮನೆ, ಮಧ್ಯಾಹ್ನದ ಮನೆ ಎಂದು ಎರಡಕ್ಕೂ ಹೆಸರು ಬಿದ್ದಿದೆ. ನಿಂಬೆಗಿಡ ಮಾತ್ರ ಗಾಲಿ ಹತ್ತುವುದಿಲ್ಲ. ಅವಳ ಸೊಂಟಕ್ಕೆ ಭಾರ ಬೀಳದಂತೆ ಅವನೇ ಪೂರ್ತಿ ಎತ್ತುತ್ತಾನೆ, ಅವಳು ಆ ಕಡೆ ಸುಮ್ಮನೆ ಅಂಚು ಮುಟ್ಟಿಕೊಂಡಿರಬೇಕು, ಅಷ್ಟೇ. "ಒಂದು, ಎರಡು, ಹೂಂ." ಎಲೆಗಳ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೂಗು, ನಗುವಿನ ಒಂದು ತುದಿ.

ಅವನು ಇವತ್ತಿಗೂ ಹಿಂದೆ ಹಿಂದೆಯೇ ನಡೆಯುತ್ತಾನೆ.